ಹುಕುಂ ಕೇಳಿ ಹೆಜ್ಜೆ ಹಾಕಿದ ಮುತ್ಯಾ

ಅವರ ಎಡಗೈಯ ಹೆಬ್ಬೆರಳಿಗೆ ಉಗುರಿರಲಿಲ್ಲ. ಎತ್ತಿನ ಗೊರಸಿಗೆ ನಾಲು, ಅಂದರೆ ಲಾಳ, ಬಡಿಯುವಾಗ ಎಂದೋ ಸುತ್ತಿಗೆ ತಪ್ಪಿ ಬಿದ್ದು ಬೆರಳಿನ ತುದಿ ಚಪ್ಪಟೆಯಾಗಿತ್ತು. ಹಾಡಲು ನಿಂತಾಗ ಆ ಬೆರಳನ್ನೇ ಕಿವಿಯ ಹಿಂದೆ ಒತ್ತಿ, ಕಣ್ಣು ಮುಚ್ಚಿ, ಮೊದಲ ಸೊಲ್ಲು ಎತ್ತುತ್ತಿದ್ದರು. ತಲೆಗೂದಲು ಕಪ್ಪಿರುವಾಗಲೇ ನರೋಣಾದ ಜನ ಅವರನ್ನು ಮುತ್ಯಾ, ಅಂದರೆ ಅಜ್ಜ, ಎಂದು ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಇಂದು ನಮ್ಮ ಕಡೆ ಅವರ ಬಗ್ಗೆ ಒಂದು ಕಥೆ ಹಬ್ಬಿದೆ. ಮುತ್ಯಾ ಜರ್ಮನಿಗೆ ಹೋಗಿ ಉಕ್ಕು ಕಾಯಿಸುವ ಕುಲುಮೆಯ ಕೆಂಡದ ಮೇಲೆ ಬರಿಗಾಲಲ್ಲಿ ಕುಣಿದರಂತೆ, ಅಲ್ಲಿನವರು ಸಾಲುಗಟ್ಟಿ ಕಾಲಿಗೆ ಬಿದ್ದರಂತೆ. ನಾನು ಜೊತೆಗಿದ್ದೆ. ಕುಲುಮೆ ಆರಿ ವರ್ಷಗಳಾಗಿದ್ದವು. ಯಾರೂ ಯಾರ ಕಾಲಿಗೂ ಬೀಳಲಿಲ್ಲ. ಹತ್ತು ಬಾಯಿಂದ ಕೇಳಿದ ಮಾತ್ರಕ್ಕೆ ಒಂದು ಸಂಗತಿಯನ್ನು ನಂಬುವ ಸ್ವಭಾವ ನನ್ನದಲ್ಲ. ಕಣ್ಣಾರೆ ಕಂಡದ್ದು ಬಾಯಿಮಾತಿನ ಕಥೆಗಿಂತ ದೊಡ್ಡದಾಗಿದ್ದಾಗ ಸುಮ್ಮನಿರುವುದೂ ನನ್ನಿಂದಾಗದು.

ಮೊಹರಮ್ ಬಂದರೆ ನಮ್ಮಲ್ಲಿ ಊರ ನಡುವೆ ಅಲಾಯಿ ಕುಣಿ ತೋಡಿ ಬೆಂಕಿ ಹಾಕುತ್ತಾರೆ. ಅದರ ಸುತ್ತ ಕಾಲಿಗೆ ಗೆಜ್ಜೆ ಕಟ್ಟಿದ ಮೇಳದವರು ಹೆಜ್ಜೆ ಹಾಕುತ್ತ ಹಸನ್ ಹುಸೇನರ ಶೋಕದ ಪದ ಹಾಡುತ್ತಾರೆ. ಅವಕ್ಕೆ ರಿವಾಯತ್ ಎಂದು ಹೆಸರು. ಹಾಡುವವರಲ್ಲಿ ಹಿಂದೂಗಳೇ ಹೆಚ್ಚು. ಮುತ್ಯಾ ನಮ್ಮ ಮೇಳದ ಹಿರಿಯರು. ನಾನು ಆಳಂದದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡು ರದ್ದಿ ಪೇಪರಿನಿಂದ ಇಂಗ್ಲಿಷ್ ಕಲಿತವನು. ಹಾಡಲು ಬಾರದಿದ್ದರೂ ಅವರ ಬೆನ್ನು ಬಿಡದವನು.

ಅವರದೊಂದು ಕಟ್ಟುನಿಟ್ಟು ಇತ್ತು. ಎತ್ತನ್ನು ಕೆಡವಿ ಕಾಲು ಕಟ್ಟುವ ಮೊದಲು ಅದರ ಕಿವಿಯಲ್ಲಿ, “ಕಾಲ ಕೊಡ್ತೀಯೇನಪಾ?” ಎಂದು ಕೇಳುವರು. ರೈತರು ನಗುತ್ತಿದ್ದರು. ಪರ ಊರಿಗೆ ಮೇಳ ಹೋದಾಗಲೂ ಅದೇ. ಆ ಊರ ಕುಣಿಯ ಯಜಮಾನ ಹುಕುಂ ಕೊಡದೆ ಹೆಜ್ಜೆ ಎತ್ತುತ್ತಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಒಮ್ಮೆ ಚೌಡಾಪುರಕ್ಕೆ ಹೋಗಿದ್ದೆವು. ಯಜಮಾನ ಹೊಲದಲ್ಲಿದ್ದ. ಹಸಿದಿದ್ದ ನಮ್ಮ ಹುಡುಗರು ಬೇಗ ಮುಗಿಸಿ ಉಣ್ಣೋಣವೆಂದು ತಾವೇ ಶುರು ಮಾಡಿಬಿಟ್ಟರು. ಮುತ್ಯಾ ಗೆಜ್ಜೆ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಮಣ್ಣಿನಲ್ಲಿ ಕುಳಿತುಬಿಟ್ಟರು.

“ಏಳ್ರಿ ಮುತ್ಯಾ, ಜನಾ ನೋಡಾಕತ್ತಾರ” ಎಂದ ಹುಡುಗರಲ್ಲೊಬ್ಬ.

“ನೋಡ್ಲಿ ಬಿಡ್ಲೇ. ಮಂದಿ ಮನಿ ಒಲಿ ಮುಂದ ಕೇಳದೇ ಕುಂದರತೀಯೇನ ನೀ? ಇದೂ ಹಂಗ.”

ಯಜಮಾನ ಬಂದು, “ಹಾಡ್ರೆಪಾ, ನಿಮ್ದೇ ಕುಣಿ” ಎಂದಾಗ ಹೊತ್ತು ಇಳಿದಿತ್ತು. ಆಮೇಲೆ ಅವರು ಹಾಡಿದ ಹಾಡಿಗೆ ಹುಡುಗರು ಹಸಿವು ಮರೆತರೆಂದು ಹೇಳುತ್ತಾರೆ. ಅದು ಸುಳ್ಳು, ಎಲ್ಲರೂ ಹಸಿದೇ ಇದ್ದರು. ಆದರೆ ಯಾರೂ ಎದ್ದು ಹೋಗಲಿಲ್ಲ.

ಹಬ್ಬದಾಚೆ ವೇದಿಕೆಗಳಲ್ಲೂ ರಿವಾಯತ್ ಹಾಡಿಸುವ ರೂಢಿ ನಿಧಾನವಾಗಿ ಬಂತು. ತೊಂಬತ್ತರ ದಶಕದಲ್ಲಿ ಜರ್ಮನಿಯಿಂದ ನಮ್ಮ ಮೇಳಕ್ಕೆ ಕರೆ ಬಂದಾಗ, ಇಂಗ್ಲಿಷ್ ಬಲ್ಲವನೆಂದು ನನ್ನನ್ನೂ ಸೇರಿಸಿಕೊಂಡರು. ಆ ಊರಿನ ಹೆಸರು ಕೊನೆಗೂ ನನ್ನ ನಾಲಿಗೆಗೆ ಒಗ್ಗಲಿಲ್ಲ. ಒಂದು ಕಾಲದಲ್ಲಿ ಅದು ಉಕ್ಕಿನ ಊರು. ಕಾರ್ಖಾನೆ ಮುಚ್ಚಿದ ಮೇಲೆ ಅದನ್ನು ಕೆಡವದೆ, ಗುಜರಿಗೂ ಹಾಕದೆ, ಹಾಡು ಕುಣಿತ ನಾಟಕಗಳ ತಾಣವಾಗಿ ಮಾಡಿದ್ದರು. ಹಳಿಗಳ ನಡುವೆ ಬರ್ಚ್ ಗಿಡಗಳು ಎದ್ದಿದ್ದವು. ತುಕ್ಕು ಹಿಡಿದ ಕೊಳವೆಗಳ ಮೇಲೆ ಮಕ್ಕಳು ಹತ್ತಿ ಇಳಿಯುತ್ತಿದ್ದರು. ಗೋಪುರದಷ್ಟು ಎತ್ತರದ ಕುಲುಮೆಯ ಬುಡದಲ್ಲೇ ವೇದಿಕೆ. ನಿಜ ಹೇಳಬೇಕೆಂದರೆ ನನಗೆ ಬಹಳ ಮೆಚ್ಚುಗೆಯಾಯಿತು. ಮುತ್ಯಾ ಕುತ್ತಿಗೆ ಎತ್ತಿ ನೋಡಿ, “ಸತ್ತದ್ದನ್ನ ಮುಚ್ಚಿ ಹಾಕ್ಲಿಲ್ಲ ನೋಡು ಇವರು. ದೊಡ್ಡ ಮನಸ್ಸು” ಎಂದರು.

ಊರು ತೋರಿಸಲು ಬಂದಿದ್ದ ಯುವತಿ ಇಂಗ್ಲಿಷಿನಲ್ಲಿ, “ಇಲ್ಲಿನ ಜನ ಸಂತೋಷದಿಂದ ಬೆಂಕಿಯನ್ನು ಬಿಟ್ಟು ಕಲೆಯನ್ನು ಹಿಡಿದರು” ಎಂದಳು. ನಾನು ಕನ್ನಡದಲ್ಲಿ ಹೇಳಿದೆ. ನನಗೆ ನಂಬಿಕೆ ಬರಲಿಲ್ಲ. ಮುತ್ಯಾಗೂ ಬರಲಿಲ್ಲ.

“ಸಂತೋಷದಿಂದನಾ? ಗೇಟಿನ ಹೊರಗ ಮುದುಕರು ಕುಂತಾರಲ್ಲ, ಇದಕ್ಕ ಬೆನ್ನ ತಿರುವಿ? ಅವರು ಯಾರಂತ ಕೇಳು.”

ಕೇಳಿದೆ. ಹಳೆಯ ಕೆಲಸಗಾರರು ಎಂದಳು. ದಿನಾ ಬಂದು ಅಲ್ಲಿ ಕೂರುತ್ತಾರೆ, ಒಳಗೆ ಬರುವುದಿಲ್ಲ.

ಮುತ್ಯಾ ಗೆಜ್ಜೆಯ ಗಂಟನ್ನು ಕೆಳಗಿಟ್ಟರು. “ಹಂಗಾದ್ರ ಇದು ಅವರ ಕುಣಿ. ಅವರ ಹುಕುಂ ಇಲ್ದ ನಾ ಹಾಡಂಗಿಲ್ಲ.”

ನಮ್ಮೊಡನೆ ಬಂದಿದ್ದ ಅಧಿಕಾರಿಗೆ ದಿಕ್ಕು ತೋಚಲಿಲ್ಲ. ಸಂಜೆಗೆ ಕಾರ್ಯಕ್ರಮ, ಜನ ಆಗಲೇ ಸೇರುತ್ತಿದ್ದರು. “ಏನ್ ಮುತ್ಯಾ ಇದು! ದೊಡ್ಡವರೆಲ್ಲ ಬಂದು ಕುಂತಾರ. ನೀವು ಹಾಡದಿದ್ರ ದೇಶದ ಮರ್ಯಾದಿ ಹೋಗ್ತದ್ರಿ. ಇನ್ನ ಮ್ಯಾಲ ನಿಮ್ಮ ಮೇಳಾ ಯಾರೂ ಕರ್ಯಂಗಿಲ್ಲ.”

“ಕರೀದಿದ್ರ ಬ್ಯಾಡ. ನರೋಣಾದಾಗ ನಮ್ಮ ಕುಣಿ ಅದ.”

ಮೇಳದ ಹುಡುಗರ ಮುಖ ಬಾಡಿತು. ಮತ್ತೊಂದು ಕರೆ ಬರಲೆಂದು ಅವರಿಗೆಲ್ಲ ಆಸೆಯಿತ್ತು. ಮುತ್ಯಾಗೂ ಇತ್ತು, ನನಗೆ ಗೊತ್ತು. ಹೊಸ ಅಂಗಿ ಹೊಲಿಸಿಕೊಂಡು ಬಂದವರು ಅವರು.

ಕೊನೆಗೆ ನಾವು ಗೇಟಿನ ಹೊರಗೆ ಹೋದೆವು. ಮುತ್ಯಾ ಕನ್ನಡದಲ್ಲಿ, ನಾನು ಇಂಗ್ಲಿಷಿನಲ್ಲಿ, ಯುವತಿ ಅವರ ಭಾಷೆಯಲ್ಲಿ.

“ಇಲ್ಲಿ ನೀವು ಬೆಂಕಿ ಕಾದಿದ್ರಿ. ಅದರ ಮುಂದ ನಾವು ಸತ್ತವರ ಪದ ಹಾಡಬೇಕಂತೀವಿ. ಹುಕುಂ ಕೊಡ್ತೀರೇನ್ರಿ?”

ಒಬ್ಬ ನಕ್ಕು, “ಅದು ಈಗ ನಮ್ಮದಲ್ಲ, ಆಫೀಸಿನವರನ್ನು ಕೇಳಿ” ಎಂದ.

“ಆಫೀಸಿನವರು ಕೊಟ್ಟಾರ. ಅವರೇನು ಬೆಂಕಿ ಮುಂದ ನಿಂತವರಾ?”

ಯುವತಿ ಅದನ್ನೂ ಹೇಳಿದಳು. ಬೆಂಚಿನ ತುದಿಯಲ್ಲಿ ದಪ್ಪ ಮೀಸೆಯ ಮುದುಕನೊಬ್ಬ ಕುಳಿತಿದ್ದ. ತುರ್ಕಿಯಿಂದ ಪ್ರಾಯದಲ್ಲಿ ದುಡಿಯಲು ಬಂದು ಅಲ್ಲಿಯೇ ನಿಂತವನೆಂದು ಆಮೇಲೆ ತಿಳಿಯಿತು. ಅವನು ನಿಧಾನವಾಗಿ ಹೇಳಿದ: “ಮುಚ್ಚಿದವರು ನಮ್ಮನ್ನು ಕೇಳಲಿಲ್ಲ. ದೀಪ ಹಚ್ಚಿ ಅಲಂಕಾರ ಮಾಡಿದವರೂ ಕೇಳಲಿಲ್ಲ. ನೀನೇ ಮೊದಲು.”

“ಕೇಳದೇ ಕಾಲ ಹಿಡದ್ರ ಎತ್ತೂ ಒದೀತದ್ರಿ” ಎಂದರು ಮುತ್ಯಾ.

ಎರಡು ಭಾಷೆ ದಾಟಿ ಆ ಮಾತು ತಲುಪಿದಾಗ ಬೆಂಚಿನ ತುಂಬ ನಗು ಎದ್ದಿತು. ಎಲ್ಲರೂ ಬಂದರೆಂದು ಮರುವಾರ ನಮ್ಮ ಕಡೆಯ ಪತ್ರಿಕೆಯೊಂದು ಬರೆಯಿತು. ಎಲ್ಲರೂ ಬರಲಿಲ್ಲ. ಮೂವರು ಎದ್ದರು, ಉಳಿದವರು ಕುಳಿತೇ ಇದ್ದರು. ಮೀಸೆಯ ಮುದುಕ ಗೇಟು ದಾಟುವಾಗ ಅವನ ಹೆಜ್ಜೆ ತಡವರಿಸಿತು. ಮುತ್ಯಾ ಅವನ ಮೊಳಕೈ ಹಿಡಿದುಕೊಂಡರು. ಕುಲುಮೆಯ ಮುಂದೆ ಇವರು ಚಪ್ಪಲಿ ಬಿಟ್ಟರು, ಅವನು ಟೊಪ್ಪಿಗೆ ತೆಗೆದ. ತಣ್ಣನೆಯ ಕಬ್ಬಿಣದ ಮೇಲೆ ಅಂಗೈ ಊರಿ ಬಹಳ ಹೊತ್ತು ನಿಂತ. ಆಮೇಲೆ ಮುತ್ಯಾನ ಕಡೆ ತಿರುಗಿ ತಲೆಯಾಡಿಸಿದ. ಅದೇ ಹುಕುಂ.

ಉಗುರಿಲ್ಲದ ಬೆರಳು ಕಿವಿಯ ಹಿಂದೆ ಹೋಯಿತು. ಅಂದು ಹಾಡಿದಂತೆ ಅವರು ನಮ್ಮೂರಲ್ಲೂ ಹಾಡಿದ್ದನ್ನು ನಾನು ಕೇಳಿರಲಿಲ್ಲ. ಅಷ್ಟು ಕನ್ನಡದ ನಡುವೆ ಹುಸೇನ್ ಎಂಬ ಹೆಸರು ಬಂದಾಗ ಆ ಮುದುಕ ಎದೆಯ ಮೇಲೆ ಕೈ ಇಟ್ಟುಕೊಂಡ. ಹಾಡು ಮುಗಿಯುವವರೆಗೆ ತೆಗೆಯಲಿಲ್ಲ.

ಊರಿಗೆ ಬಂದ ಮೇಲೆ ಜನ ಕೆಂಡದ ಕಥೆ ಕಟ್ಟಿದರು. ಮುತ್ಯಾ, “ಕೆಂಡ ಇರ್ಲಿಲ್ಲೋ, ಬೂದಿ ಸೈತ ಇರ್ಲಿಲ್ಲ” ಎಂದು ಹೇಳಿ ಹೇಳಿ ಸಾಕಾಗಿ ಬಿಟ್ಟುಬಿಟ್ಟರು. ಟ್ರ್ಯಾಕ್ಟರುಗಳು ಬಂದು ನಾಲಿನ ಕೆಲಸ ಕಡಿಮೆಯಾಗಿತ್ತು. ಕೆಲವೇ ವರ್ಷಗಳಲ್ಲಿ, ಒಂದು ಬೇಸಿಗೆಯಲ್ಲಿ ಅವರು ತೀರಿಕೊಂಡರು.

ಮುಂದಿನ ಮೊಹರಮ್‌ಗೆ ನರೋಣಾದ ಕುಣಿಗೆ ಬೆಂಕಿ ಬಿತ್ತು. ಮೇಳದವರು ಗೆಜ್ಜೆ ಕಟ್ಟಿ ನಿಂತರು, ಯಾರೂ ಹೆಜ್ಜೆ ಎತ್ತಲಿಲ್ಲ. ಇಷ್ಟು ವರ್ಷ ಇಲ್ಲಿ ಹುಕುಂ ಕೊಡುತ್ತಿದ್ದವರು ಮುತ್ಯಾ. ಈಗ ಯಾರ ಹುಕುಂ ಕೇಳಬೇಕು? ಎಲ್ಲರೂ ಕೂಡಿ ಮುತ್ಯಾನ ಮನೆಗೆ ಹೋದೆವು. ಅವರ ಹೆಂಡತಿ ಆಯಿ ಹೊಸ್ತಿಲಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು.

“ಆಯಿ, ನೀ ಹುಕುಂ ಕೊಟ್ರ ಹಾಡ್ತೀವಿ” ಎಂದೆ.

ಅವಳು ಮೊರ ಕೆಳಗಿಟ್ಟಳು. “ಅವಾ ಎತ್ತಿಗಿ ಕೇಳ್ದಾ, ಪರದೇಶದ ಮುದುಕರಿಗಿ ಕೇಳ್ದಾ. ಹಬ್ಬ ಬಂತಂದ್ರ ಮನೀನೇ ಮರ್ತು ಹೋಗಾವ, ನನ್ನ ಒಂದ ದಿನಾನೂ ಕೇಳ್ಲಿಲ್ಲ ನೋಡು.”

ಜನ ಹೇಳುವ ಮುತ್ಯಾನ ಕಥೆಯಲ್ಲೂ, ನಾನು ಕಟ್ಟಿಕೊಂಡಿದ್ದರಲ್ಲೂ ಈ ಮಾತು ಇರಲಿಲ್ಲ. ಆಯಿ ಸೆರಗಿನಿಂದ ಮುಖ ಒರೆಸಿಕೊಂಡಳು.

“ಹೋಗ್ರಿ, ಹಾಡ್ರಿ. ಗಟ್ಟಿಯಾಗಿ ಹಾಡ್ರಿ ಮತ್ತ. ನನಗ ಇಲ್ಲಿ ತನಾ ಕೇಳಬೇಕು.”