ಅಕ್ಕಿ ಅಳೆಸಿದ ಇಂಗ್ಲಿಷ್ ಮೇಷ್ಟ್ರು

ಸ್ಫೂರ್ತಿ, ಚೇತನ, ಮೊನ್ನೆ ನಿಮ್ಮಿಬ್ಬರ ಮೇಲೆ ನಾನು ಯಾಕೆ ಸಿಡುಕಿದೆ ಅಂತ ಬಾಯಲ್ಲಿ ಹೇಳಲು ನನಗೆ ಆಗಲಿಲ್ಲ. ನನ್ನ ಮಾತು ಎಷ್ಟು ಕಮ್ಮಿ ಅಂತ ನಿಮಗೆ ಗೊತ್ತೇ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಸ್ಫೂರ್ತಿ, ನೀನು ಶಾಲೆಯಿಂದ ಒಂದು ಜೆರಾಕ್ಸ್ ಹಾಳೆ ತಂದಿದ್ದೆ. ಇನ್ನೂ ಮಸಿಯ ವಾಸನೆ ಹೋಗಿರಲಿಲ್ಲ. ಅದರಲ್ಲಿ ಪೆನ್ಸಿಲ್ಲು, ಮಾವಿನಹಣ್ಣು, ಒಂದು ಲೋಟ ಹಾಲು, ಒಂದು ಗುಡ್ಡೆ ಅಕ್ಕಿಯ ಚಿತ್ರ. ಎಣಿಸಲು ಬರುವುದಕ್ಕೆ ಸುತ್ತು ಹಾಕಬೇಕು, ಬಾರದ್ದಕ್ಕೆ ಅಡ್ಡಗೆರೆ ಎಳೆಯಬೇಕು. "ಅಜ್ಜಿ, ಅಕ್ಕಿ ಎಣಿಸ್ಬೋದಾ?" ಅಂತ ಕೇಳಿದೆ. ನಾನು ಆ ಹಾಳೆಯನ್ನು ಅತ್ತ ತಳ್ಳಿ ಎದ್ದು ಹೋದೆ. ಚೇತನ, ಅದನ್ನು ಎತ್ತಿಕೊಡಲು ಬಂದ ನಿನ್ನ ಮೇಲೂ ರೇಗಿದೆ. ತಪ್ಪು ನಿಮ್ಮದಲ್ಲ ಮಕ್ಕಳಾ. ಆ ಅಕ್ಕಿಯ ಗುಡ್ಡೆಯ ಹಿಂದೆ ನನಗೆ ಒಬ್ಬರ ಮುಖ ಕಂಡಿತು.

ನನ್ನ ತವರು ತೊಗರ್ಸಿ ಕಡೆ. ಊರಿನಲ್ಲಿ ಏಳನೇ ತರಗತಿವರೆಗೆ ಮಾತ್ರ ಶಾಲೆ. ಮುಂದೆ ಓದಬೇಕೆಂದರೆ ಶಿಕಾರಿಪುರಕ್ಕೆ ಹೋಗಬೇಕು. ಅಲ್ಲಿ ನಮ್ಮ ಸೋದರತ್ತೆಯ ಮನೆ ಇತ್ತು. ಇಂಗ್ಲಿಷ್ ಮೇಷ್ಟ್ರು ಹ್ಞೂ ಅಂದರೆ ಕಳಿಸುತ್ತೇನೆ ಅಂತ ನಮ್ಮಪ್ಪ ಮಾತು ಕೊಟ್ಟಿದ್ದರು. ನಾನು ಆಗಲೇ ಅತ್ತೆಯ ಮನೆಯ ಅಟ್ಟದ ಮೇಲೆ ನನ್ನ ಪುಸ್ತಕ ಎಲ್ಲಿ ಇಡಬೇಕು ಅಂತ ಜಾಗವನ್ನೂ ನೋಡಿ ಬಂದಿದ್ದೆ.

ಆ ಮೇಷ್ಟ್ರು ಮೈಸೂರು ಕಡೆಯವರು. ಬಿಳಿ ಅಂಗಿಯ ತೋಳನ್ನು ಮಡಿಸುತ್ತಿರಲಿಲ್ಲ, ನಮ್ಮ ಊರಿನ ಯಾರ ಮನೆಯಲ್ಲೂ ನೀರು ಕುಡಿಯುತ್ತಿರಲಿಲ್ಲ. ನಮ್ಮ ಮಾತು ಕೇಳಿದರೆ ಮೂಗು ಮುರಿಯುತ್ತಿದ್ದರು. ಪಾಠ ಚೆನ್ನಾಗಿ ಮಾಡುತ್ತಿದ್ದರು, ಅದನ್ನು ಇಲ್ಲ ಅನ್ನುವುದಿಲ್ಲ.

ಒಂದು ಸಲ ಇನ್‌ಸ್ಪೆಕ್ಟರ್ ಬರುವ ಸುದ್ದಿ ಬಂತು. ಎಣಿಸುವ ಪದ, ಎಣಿಸದ ಪದ ಅನ್ನುವ ಪಾಠವನ್ನು ಅವರ ಮುಂದೆ ಮಾಡಿ ತೋರಿಸಲು ಮೇಷ್ಟ್ರು ಒಂದು ವಾರ ನಮ್ಮನ್ನು ಅರೆದರು. ಮೇಜಿನ ಮೇಲೆ ಒಂದು ಕಡೆ ನಿಂಬೆಹಣ್ಣು, ಹುಣಸೆಬೀಜ, ಅಂಗಿಯ ಗುಂಡಿ. ಇನ್ನೊಂದು ಕಡೆ ಅಕ್ಕಿ, ಉಪ್ಪು, ಚೊಂಬಿನಲ್ಲಿ ಹಾಲು. ಅಕ್ಕಿಗೆ ನೇರವಾಗಿ ಒಂದು ಎರಡು ಅನ್ನುವ ಹಾಗಿಲ್ಲ, ಅಳೆದು ಅಳತೆಯನ್ನು ಎಣಿಸಬೇಕು. ಹಿತ್ತಾಳೆಯ ಸೇರು ನಮ್ಮ ಮನೆಯದು, ಹಾಗಾಗಿ ಅಳೆಯುವ ಕೆಲಸ ನನಗೆ ಬಿತ್ತು. 'ಒನ್ ಸೇರ್ ಆಫ್ ರೈಸ್, ಟೂ ಸೇರ್ಸ್ ಆಫ್ ರೈಸ್' ಅಂತ ವಾರವಿಡೀ ಒಂದೂ ತಪ್ಪದೆ ಹೇಳಿದೆ.

ಇನ್‌ಸ್ಪೆಕ್ಟರ್ ಬಂದು ಕುರ್ಚಿಯಲ್ಲಿ ಕೂತರು. ಸೇರನ್ನು ಅಕ್ಕಿಯೊಳಗೆ ಇಳಿಸಿ, ಅಂಚಿನ ಮಟ್ಟಕ್ಕೆ ಸವರಿ, ಮೇಲೆತ್ತಿದೆ... ಬಾಯಿ ತಾನಾಗಿ "ಲಾಭ" ಅಂದಿತು.

ನಮ್ಮ ಕಡೆ ಕಾಳು ಅಳೆಯುವಾಗ ಮೊದಲನೇ ಅಳತೆಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಆಮೇಲೆ ಎರಡು, ಮೂರು. ಕಣದಲ್ಲಿ ಅಪ್ಪ, ಅಡುಗೆಮನೆಯಲ್ಲಿ ಅವ್ವ, ಎಲ್ಲರೂ ಹಾಗೇ. ಹುಟ್ಟಿದಾಗಿನಿಂದ ಕಿವಿಗೆ ಬಿದ್ದಿದ್ದು, ಕೈಗೆ ಸೇರು ಬಂದ ಕೂಡಲೇ ಬಾಯಿಗೆ ಬಂತು.

ಮಕ್ಕಳೆಲ್ಲ ಗೊಳ್ಳೆಂದರು. ಇನ್‌ಸ್ಪೆಕ್ಟರ್ ಕೂಡ ಹೊಟ್ಟೆ ಹಿಡಿದು ನಕ್ಕರು. ಅವರ ನಗುವಿನಲ್ಲಿ ಕೆಟ್ಟದ್ದಿರಲಿಲ್ಲ. ನಮ್ಮ ಮನೆಯಾಗೂ ಹಿಂಗೇ ಅಳೆಯೋದು, ಕೂಸು ಸರಿಯಾಗೇ ಅಳೀತು ಅಂದರು. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಈ ಊರಿಗೆ ಬಂದು ಮೂರು ವರ್ಷ ಆತಲ್ಲರೀ, ಇದು ಗೊತ್ತಿಲ್ವಾ ನಿಮಗೆ?" ಅಂದರು. ಮೇಷ್ಟ್ರು ನಗಲಿಲ್ಲ.

ಅವರು ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಎರಡು ದಿನಕ್ಕೆ ಮರೆಯುತ್ತಿದ್ದೆ. ಮಾರನೇ ದಿನ ಹಿಂದಿನ ಸಾಲಿಗೆ ಕಳಿಸಿದರು, ವರ್ಷ ಮುಗಿಯುವ ತನಕ ಒಂದೂ ಪ್ರಶ್ನೆ ಕೇಳಲಿಲ್ಲ. ಹಾಜರಿ ಕೂಗುವಾಗ ಮಾತ್ರ ನನ್ನ ಹೆಸರು ಬಿಟ್ಟು "ಲಾಭಮ್ಮ" ಅನ್ನುತ್ತಿದ್ದರು. ನಾನು ಎದ್ದು ನಿಂತು ಎಸ್ ಸಾರ್ ಅನ್ನಬೇಕು. ಕೆರೆ ಏರಿಯ ಮೇಲೂ, ಬಾವಿಕಟ್ಟೆಯಲ್ಲೂ ಹುಡುಗರಿಗೆ ನಾನು ಲಾಭಮ್ಮನೇ ಆದೆ. ಆಗ ನಿಂತುಹೋದ ಮಾತು ಇವತ್ತಿಗೂ ನನಗೆ ಪೂರ್ತಿ ವಾಪಸ್ ಬಂದಿಲ್ಲ.

ಪರೀಕ್ಷೆಯಲ್ಲಿ ಪಾಸಾದೆ. ಅಪ್ಪ ನನ್ನನ್ನು ಕರೆದುಕೊಂಡು ಮೇಷ್ಟ್ರ ಬಾಡಿಗೆ ಮನೆಗೆ ಹೋದರು. ಅಪ್ಪ ಜಗಲಿಯ ಅಂಚಿನಲ್ಲಿ ಕೂತರು, ನಾನು ಕಂಬದ ಹಿಂದೆ ನಿಂತೆ. ಹೈಸ್ಕೂಲಿಗೆ ಹಾಕಲೇನ್ರೀ ಅಂತ ಅಪ್ಪ ಕೇಳಿದರು. ಮೇಷ್ಟ್ರು ಪೇಪರಿನಿಂದ ತಲೆ ಎತ್ತಲಿಲ್ಲ.

"ಅಕ್ಕಿ ಅಳೆಯೋಕೆ ಚೆನ್ನಾಗಿ ಬರುತ್ತಲ್ಲರೀ ಅವಳಿಗೆ. ಅದಕ್ಕೆ ಹೈಸ್ಕೂಲ್ ಯಾಕೆ?"

ಆಯ್ತು ಬಿಡ್ರಿ ಅಂದರು ಅಪ್ಪ. ಮೂರು ವರ್ಷಕ್ಕೆ ಉಳವಿಗೆ ಮದುವೆ ಮಾಡಿ ಕೊಟ್ಟರು. ನಿಮ್ಮ ತಾತ ಒಳ್ಳೆಯವರು. ಪೇಪರ್ ಓದಿ ಹೇಳುತ್ತಿದ್ದರು... ಆದರೆ ನನಗೆ ಬೇಕಾಗಿದ್ದು ಬೇರೆ.

ಹೋದ ವರ್ಷ ನಮ್ಮ ಶಾಲೆಯ ಹಳಬರು ಸೇರಿ ಗುರುವಂದನೆ ಇಟ್ಟುಕೊಂಡರು. ನಿಮ್ಮ ಅಪ್ಪನೇ ಗೊಬ್ಬರದ ಅಂಗಡಿಗೆ ಬೀಗ ಹಾಕಿ ನನ್ನನ್ನು ಕರೆದುಕೊಂಡು ಹೋದ. ವೇದಿಕೆಯ ಮೇಲೆ ಆ ಮೇಷ್ಟ್ರು ಪೇಟ ಸುತ್ತಿ, ಶಾಲು ಹೊದ್ದು ಕೂತಿದ್ದರು. ನೆನಪಿನ ಶಕ್ತಿ ಏನೂ ಕುಂದಿರಲಿಲ್ಲ. ಯಾವ ಹುಡುಗ ತಹಶೀಲ್ದಾರ ಆದ, ಯಾವನು ಡಾಕ್ಟರಾದ ಅಂತ ಹೆಸರು ಹಿಡಿದು ಹೇಳುತ್ತಿದ್ದರು. ಹಳಬರು ಒಬ್ಬೊಬ್ಬರಾಗಿ ಅವರ ಕಾಲಿಗೆ ಹೂ ಹಾಕಿ ನಮಸ್ಕಾರ ಮಾಡುತ್ತಿದ್ದರು. ನನ್ನ ಸರದಿ ಬಂತು.

"ನಾನು ಲಾಭಮ್ಮ," ಅಂದೆ.

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಗೊತ್ತಾಗಲಿಲ್ಲ. ಹೈಸ್ಕೂಲಿಗೆ ಬೇಡ ಅಂದಿದ್ರಲ್ಲ, ಅವಳು ಅಂದೆ.

"ಹಾಗೆ ಎಷ್ಟೋ ಹೆಣ್ಣುಮಕ್ಕಳಿಗೆ ಹೇಳಿದ್ದೀನಮ್ಮ," ಅಂತ ಅವರು ನಕ್ಕರು. "ಯಾರನ್ನ ಅಂತ ನೆನಪಿಡಲಿ?"

ನಾನು ಬಗ್ಗಲಿಲ್ಲ. ಕೈಯಲ್ಲಿದ್ದ ಹೂವನ್ನು ತಟ್ಟೆಗೆ ವಾಪಸ್ ಹಾಕಿ ಇಳಿದು ಬಂದೆ. ಸೊಕ್ಕು ನೋಡು ಈ ವಯಸ್ಸಿನಲ್ಲಿ ಅಂತ ಹಿಂದಿನಿಂದ ಯಾರೋ ಅಂದರು. ನಿಮ್ಮ ಅಪ್ಪನಿಗೂ ಬೇಜಾರಾಯಿತು.

ಊಟಕ್ಕೆ ಕೂತಾಗ ಪಕ್ಕದಲ್ಲಿ ನನ್ನ ಹಳೆಯ ಗೆಳತಿ ಇದ್ದಳು, ಬಳ್ಳಿಗಾವಿಗೆ ಕೊಟ್ಟವಳು. ಮೆಲ್ಲಗೆ ನನ್ನ ಕೈ ಒತ್ತಿದಳು. "ನಂಗೂ ಹಂಗೇ ಅಂದಿದ್ರು ಕಣೆ. ಅಕ್ಷರ ಕೋಳಿ ಕೆದರಿದಂಗೈತೆ, ಓದ್ಸೋದು ದಂಡ ಅಂತ ನಮ್ಮವ್ವಗೆ ಹೇಳಿದ್ರು."

ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ದುಂಡಗಿನ ಅಕ್ಷರ ಅವಳದು. ನಾವು ಆರು ಹುಡುಗಿಯರಿದ್ದೆವು. ಅವತ್ತು ಅನ್ನ ಕಲಸುತ್ತಾ ಇಬ್ಬರೂ ಒಬ್ಬೊಬ್ಬರನ್ನೇ ನೆನೆದೆವು. ಆರರಲ್ಲಿ ಒಬ್ಬಳೂ ಹೈಸ್ಕೂಲಿನ ಮೆಟ್ಟಿಲು ಹತ್ತಿರಲಿಲ್ಲ. ಐವತ್ತು ವರ್ಷದಿಂದ ನಾನು ನನ್ನ ಬಾಯನ್ನೇ ಶಪಿಸಿಕೊಂಡು ಬಂದಿದ್ದೆ. ಅವತ್ತು ಆ ಒಂದು ಮಾತು ತಪ್ಪದೇ ಹೋಗಿದ್ದರೆ ಓದುತ್ತಿದ್ದೆ ಅಂತ. ಆ ಮನುಷ್ಯ ಹೇಗಿದ್ದರೂ ಬೇಡವೆಂದೇ ಹೇಳುತ್ತಿದ್ದ.

ಹೋದ ತಿಂಗಳು ಅವರು ತೀರಿಕೊಂಡರು. ನಿಮ್ಮ ಅಪ್ಪ ಮೊಬೈಲಿನಲ್ಲಿ ಓದಿ ಹೇಳಿದ. ನಾನು ಹ್ಞೂ ಅಂದು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾ ಕೂತೆ. ಕಣ್ಣಲ್ಲಿ ನೀರು ಬರಲಿಲ್ಲ. ಬೈಯಲಿಕ್ಕೆ ಒಂದು ಮುಖ ಇತ್ತು, ಅದೂ ಹೋಯಿತು ಅನ್ನಿಸಿತು. ನಾನು ಕಳೆದುಕೊಂಡಿದ್ದನ್ನು ಇನ್ನು ಯಾರನ್ನು ಕೇಳಲಿ...

ಈ ಹಾಳೆಗಳನ್ನು ನಿಮ್ಮ ಶಾಲೆಯ ಪುಸ್ತಕದ ನಡುವೆ ಇಡಬೇಡಿ, ರದ್ದಿಗೆ ಹೋಗಿಬಿಡುತ್ತವೆ. ಪಹಣಿ ಪತ್ರ ಇರುವ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಿ. ಈ ಮನೆಯಲ್ಲಿ ಅದನ್ನು ಮಾತ್ರ ಯಾರೂ ಕಳೆಯುವುದಿಲ್ಲ.