ಯಾಶಿಕಾದ ಹಣೆಯ ಕುಂಕುಮ

ದೇವರ ದೀಪ ಹಚ್ಚಿ, ಯಾಶಿಕಾ ಕ್ಯಾಮೆರಾದ ಹಣೆಗೆ ಕುಂಕುಮ ಇಡದೆ ಅಂಜಿನಪ್ಪ ಚಹಾ ಮುಟ್ಟುವವರಲ್ಲ. ಕೆ.ಬಿ. ಬಡಾವಣೆಯ ಅವರ ಸ್ಟುಡಿಯೋಕ್ಕೆ ಅನ್ನ ಕೊಟ್ಟದ್ದೇ ಅದು. ಸ್ಟುಡಿಯೋ ಮುಚ್ಚಿ, ಕ್ಯಾಮೆರಾ ದೇವರ ಮಾಡ ಸೇರಿದ ಮೇಲೂ ಕುಂಕುಮ ತಪ್ಪಲಿಲ್ಲ.

ಹರಿಹರದ ಫೋಟೋಗ್ರಾಫರ್ ಗೆಳೆಯ ಕರಿಬಸವರಾಜ ಕ್ಯಾನನ್ ಪಕ್ಷ. ಒಂದೇ ಕಾಲದಲ್ಲಿ ಮದುವೆ ಫೋಟೋ ತೆಗೆಯುತ್ತಿದ್ದ ಇಬ್ಬರೂ ಎದುರಾದರೆ ಅದೇ ಜಗಳ.

“ಸೆಲ್ ಸತ್ರೆ ನಿನ್ನ ಯಾಶಿಕಾನೂ ಸತ್ತಂಗೆ. ನನ್ನ ಕ್ಯಾನನ್‌ಗೆ ಸೆಲ್ಲೇ ಬ್ಯಾಡ.”

“ಹೌದಪ್ಪ, ಬಿಸಿಲು ನೋಡಿ ನೀನೇ ಅಂದಾಜು ಹೊಡೀಬೇಕು. ನಂದು ತಾನೇ ಲೆಕ್ಕ ಹಾಕ್ತೈತೆ.”

ಕೇಳಿ ಕೇಳಿ ಸಾಕಾದ ಅಂಜಿನಪ್ಪನವರ ಹೆಂಡತಿ ಗಿರಿಯಮ್ಮ ಒಂದು ದಿನ ಗಂಡನಿಗೆ ಹೇಳಿದರು: “ಊರ ಮಂದೀದೆಲ್ಲ ತೆಗೆದ್ರಿ, ಹೆಂಡ್ತೀದು ಒಂದು ನೆಟ್ಟಗಿಲ್ಲ. ಇಬ್ರೂ ತೆಗೀರಿ. ಯಾರದ್ದು ಚೆಂದ ಐತೋ ಅದು ಪಡಸಾಲೆ ಗ್ವಾಡಿಗೆ.”

ಅಂಜಿನಪ್ಪನವರಿಗೆ ಹೊಸ ಚಿಂತೆ ಹತ್ತಿತು. ಕ್ಯಾನನ್ ತೆಗೆದ ಹೆಂಡತಿಯ ಕೆಳಗೆ ಕೂತು ದಿನಾ ರೊಟ್ಟಿ ತಿನ್ನುವುದು ಹೇಗೆ?

ಭಾನುವಾರ ಗಿರಿಯಮ್ಮ ರೇಷ್ಮೆ ಸೀರೆಯುಟ್ಟು ಅಂಗಳದಲ್ಲಿ ನಿಂತರು. ಹಿಂದೆ ದೂರದಲ್ಲಿ ತುಳಸಿಕಟ್ಟೆ. ಈ ಕ್ಯಾಮೆರಾಗಳ ಕಿಂಡಿಯಲ್ಲಿ ಮನುಷ್ಯ ಮೊದಲು ಎರಡಾಗಿ ಕಾಣುತ್ತಾನೆ. ಲೆನ್ಸಿನ ಉಂಗುರ ತಿರುಗಿಸಿ ಎರಡನ್ನೂ ಒಂದು ಮಾಡಿದರೆ ಮುಖ ಸ್ಪಷ್ಟ. ಕರಿಬಸವರಾಜ ಉಂಗುರ ತಿರುಗಿಸುತ್ತಲೇ ಇದ್ದ. ಅಂಜಿನಪ್ಪನವರಿಗೆ ಕಣ್ಣಿಟ್ಟ ಕೂಡಲೇ ಒಬ್ಬರೇ ಗಿರಿಯಮ್ಮ ಕಂಡರು.

“ನೋಡಲೇ, ತಿರುಗ್ಸೋದೂ ಬ್ಯಾಡ. ತಾಯಿ ಅದಾಳೆ ಯಾಶಿಕಾ,” ಎಂದು ಗುಂಡಿ ಒತ್ತಿದರು.

ಎರಡೂ ರೀಲು ಬೆಂಗಳೂರಲ್ಲಿ ತೊಳೆಸಿಕೊಂಡು ಬಂದವು. ಕ್ಯಾನನ್ ಫೋಟೋದಲ್ಲಿ ಗಿರಿಯಮ್ಮನ ಮೂಗುತಿಯ ಹರಳೂ ಹೊಳೆಯುತ್ತಿತ್ತು. ಯಾಶಿಕಾದ್ದರಲ್ಲಿ ತುಳಸಿಯ ಒಂದೊಂದು ಎಲೆಯೂ ಸ್ಪಷ್ಟ; ಮುಂದೆ ಸೀರೆಯುಟ್ಟ ಮಂಜು.

“ನಾನು ಕೇಳಿದ್ದು ನನ್ನ ಮುಖ ರೀ,” ಎಂದು ಗಿರಿಯಮ್ಮ ಕ್ಯಾನನ್ ಫೋಟೋ ಎತ್ತಿಕೊಂಡರು.

ಕರಿಬಸವರಾಜ ಯಾಶಿಕಾ ತಿರುಗಿಸಿ ನೋಡಿದ. ಎರಡನೆಯ ಬಿಂಬ ಹಾಯ್ದು ಬರುವ ಪುಟ್ಟ ಕಿಟಕಿ ಸರಿಯಾಗಿ ಹಣೆಯ ಜಾಗದಲ್ಲೇ ಇತ್ತು. ದೇವರ ಮಾಡ ಸೇರಿದ ಮೇಲಿನ ವರ್ಷಗಳ ಕುಂಕುಮ ಅಲ್ಲಿ ಗಾರೆಯಂತೆ ಗಟ್ಟಿಯಾಗಿತ್ತು. ಎರಡನೆಯ ಗಿರಿಯಮ್ಮ ಹುಟ್ಟುವ ದಾರಿಯೇ ಮುಚ್ಚಿತ್ತು; ತಿರುಗಿಸದ ಉಂಗುರ ತುಳಸಿಯ ದೂರಕ್ಕೇ ನಿಂತಿತ್ತು.

ಅವನಿಗೂ ಪಾಪ ಎನ್ನಿಸಿತು. “ಲೇ ಅಂಜಿನಪ್ಪ, ಸ್ಪಿರಿಟ್ ಹಚ್ಚಿ ಒರೆಸಿ ಕೊಡ್ತೀನಿ. ಇನ್ನೊಂದು ಸಲ ತೆಗಿ.”

ಅಂಜಿನಪ್ಪ ಕ್ಯಾಮೆರಾವನ್ನು ಕಸಿದು ಎದೆಗೆ ಒತ್ತಿಕೊಂಡರು.

“ಬ್ಯಾಡ. ಮುತ್ತೈದೆ ಹಣೆ ಒರೆಸ್ತಾರೇನಲೇ? ಇನ್ನೊಂದು ಸಲ ಇವಳನ್ನೇ ತುಳಸಿ ಪಕ್ಕ ನಿಲ್ಲಿಸ್ತೀನಿ ಬಿಡು.”