ಎದುರುಮನೆ ಬಾಗಿಲಲ್ಲಿ ಹವಾಯಿಯ ಹಚ್ಚೆ

ಭಾನುವಾರ ಬೆಳಿಗ್ಗೆ ಫೋನ್. (ಕುವೈತಿನಲ್ಲಿ ವಾರ ಶುರುವಾಗುವುದೇ ಭಾನುವಾರ. ಅಯ್ಯೋ ಪಾಪ ಅನ್ನಬೇಡಿ, ಅಭ್ಯಾಸವಾಗಿದೆ.) ಮಾಡಿದವಳು ಎದುರು ಫ್ಲ್ಯಾಟಿನ ಮಾಲಿಯಾ. "ಸುಮಾ, ನನಗೆ ಮನೆಯಿಂದ ಹೊರಗೆ ಬರೋಕಾಗ್ತಿಲ್ಲ" ಅಂದಳು.

ಬೀಗ ಕೆಟ್ಟಿತೇ? ಕಾಲು ಉಳುಕಿತೇ? ಕೈಯಲ್ಲಿದ್ದ ಸೌಟಿನ ಸಮೇತ ಓಡಿದೆ. ಅವಳ ಬಾಗಿಲು ತೆರೆದೇ ಇತ್ತು. ಮಾಲಿಯಾ ಶೂ ಹಾಕಿಕೊಂಡು, ಬ್ಯಾಗು ಹೆಗಲಿಗೇರಿಸಿಕೊಂಡು ಒಳಗೇ ನಿಂತಿದ್ದಳು. ಹೊಸ್ತಿಲಿನ ಮುಂದೆ, ಕಾರಿಡಾರಿನ ಟೈಲ್ಸ್ ಮೇಲೆ, ಬಾಗಿಲಿನ ಅಗಲಕ್ಕೂ ಬೆಳ್ಳಗೆ ಒಂದು ರಂಗೋಲಿ. ಸಾಲುಸಾಲು ತ್ರಿಕೋನ, ನಡುವೆ ಗೆರೆ, ಮತ್ತೆ ತ್ರಿಕೋನ. ಪಕ್ಕದಲ್ಲಿ ನನ್ನ ಅಕ್ಕಿಹಿಟ್ಟಿನ ಡಬ್ಬ ಹಿಡಿದ ನಮ್ಮತ್ತೆ. ಅವರ ಮುಖದಲ್ಲಿ ಫಸ್ಟ್ ಪ್ರೈಜ್ ಬಂದ ಕಳೆ.

ಸ್ವಲ್ಪ ಹಿಂದಿನ ಕಥೆ ಹೇಳಿಬಿಡುತ್ತೇನೆ. ಮಂಡ್ಯ ಕಡೆಯ ನಮ್ಮತ್ತೆ ವಿಸಿಟ್ ವೀಸಾದಲ್ಲಿ ಇಲ್ಲಿನ ಮಹಬೂಲಾ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಂದಿದ್ದಾರೆ. ಮಾಲಿಯಾ ಹವಾಯಿಯವಳು, ಇಲ್ಲಿ ಸ್ಕೂಲ್ ಟೀಚರ್. ಇವರಿಗೆ ಇಂಗ್ಲಿಷ್ ಬಾರದು, ಅವಳಿಗೆ ಕನ್ನಡ ಬಾರದು. ಆದರೂ ದಿನಾ ಸಂಜೆ ಕಾಫಿ ಲೋಟ ಹಿಡಿದು ಅದೇನು ಹರಟುತ್ತಾರೋ! ನಾನೂ ನನ್ನ ಗಂಡನೂ ಡ್ಯೂಟಿಗೆ ಹೋದರೆ ಅತ್ತೆಗೆ ಈ ಊರಲ್ಲಿ ಇರುವ ಒಬ್ಬಳೇ ಗೆಳತಿ ಅವಳು.

ಮಾಲಿಯಾಳ ಒಂದು ಕಾಲಿನ ಮೇಲೆ ಮಂಡಿಯವರೆಗೂ ಹಚ್ಚೆಯಿದೆ. ಅವಳು ಬೀಚಿಗೆ ಓಡಲು ಹೊರಟಾಗ ಲಿಫ್ಟಿನ ಬಳಿ ಅತ್ತೆ ಅದನ್ನು ನೋಡಿದ್ದಾರೆ. ಚೆಂದದ ಸೀರೆ ಬಾರ್ಡರ್, ಬ್ಲೌಸ್ ಡಿಸೈನ್ ಕಂಡರೆ ಮನಸ್ಸಿನಲ್ಲೇ ಅಚ್ಚೊತ್ತಿಕೊಂಡು ಬರುವುದು ನಮ್ಮ ಹೆಂಗಸರ ಹುಟ್ಟುಗುಣ ತಾನೇ?

"ಅವಳ ಡಿಸೈನು, ಅವಳ ಬಾಗ್ಲಿಗೇ ಹಾಕ್ದೆ ಕಣವ್ವ. ಒಂದು ಎಳೆ ತಪ್ಪಿಲ್ಲ ನೋಡು" ಅಂದರು ಅತ್ತೆ.

ಎಳೆ ತಪ್ಪದೇ ಇದ್ದದ್ದೇ ಎಡವಟ್ಟಾಗಿತ್ತು.

"ಸುಮಾ, ಇದು ಡಿಸೈನ್ ಅಲ್ಲ. ನನ್ನ ಅಜ್ಜಿಯ ಮನೆತನ. ಹೇಗೆ ತುಳೀಲಿ ಹೇಳು?" ಅಂದಳು ಮಾಲಿಯಾ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

ಅವಳು ಹೇಳುತ್ತಾ ಹೋದಳು, ನಾನು ಅತ್ತೆಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಅವಳ ಊರಿನ ಹಳೆಯ ಪದ್ಧತಿಯ ಹಚ್ಚೆಗೆ ಮಷೀನ್ ಇಲ್ಲ. ಮೂಳೆಯ ಹಲ್ಲುಗಳಿರುವ ಪುಟ್ಟ ಬಾಚಣಿಗೆಯಂಥದ್ದನ್ನು ಮಸಿಗೆ ಅದ್ದಿ, ಚರ್ಮದ ಮೇಲಿಟ್ಟು, ಕೋಲಿನಿಂದ ತಟ್ಟಿ ತಟ್ಟಿ ಹಾಕುತ್ತಾರೆ. ಕ್ಯಾಟಲಾಗ್ ತೆರೆದು 'ಇದು ಹಾಕಿ' ಅನ್ನುವ ಹಾಗಿಲ್ಲ. ಅವಳಿಗೆ ಹಚ್ಚೆ ಹಾಕಿದ ಗುರುಗಳು ಮೊದಲು ಕೇಳಿದ್ದು ಅವಳ ಅಜ್ಜಿ ಯಾರು, ಆ ಅಜ್ಜಿಯ ಅಮ್ಮ ಯಾರು ಎಂದು. ಅವಳು ಹಿರಿಯರ ಹೆಸರೆಲ್ಲ ಹೇಳಿದ ಮೇಲೆಯೇ ಅವರು ಚಿತ್ತಾರ ತೀರ್ಮಾನಿಸಿದ್ದು. ಈ ತ್ರಿಕೋನಗಳು ಶಾರ್ಕ್ ಮೀನಿನ ಹಲ್ಲುಗಳು. ಅಜ್ಜಿಯ ವಂಶವನ್ನು ಕಾಯುವ ಹಿರಿಯರು ಶಾರ್ಕಿನ ರೂಪದಲ್ಲಿ ಸಮುದ್ರದಲ್ಲಿದ್ದಾರೆ ಎಂದು ಅವರ ನಂಬಿಕೆ. ಮಿಕ್ಕ ಗೆರೆಗಳ ಅರ್ಥ? "ಅದು ಮನೆಯವರಿಗೆ ಮಾತ್ರ" ಅಂದಳು.

ಅತ್ತೆಯ ಮುಖ ಬಾಡಿಹೋಯಿತು. "ಅಯ್ಯೋ ಶಿವನೇ, ಅವರ ಮನೆದೇವ್ರನ್ನೇ ನೆಲಕ್ಕೆ ಹಾಕ್ಬುಟ್ನಾ? ನನ್ ಕೈ ಸೇದೋಗ!"

ಅಷ್ಟರಲ್ಲಿ ಲಿಫ್ಟ್ ತೆರೆಯಿತು. ಬಿಲ್ಡಿಂಗ್ ನೋಡಿಕೊಳ್ಳುವ ಹಾರಿಸ್, ಕೈಯಲ್ಲಿ ಬಕೆಟ್ಟು, ಒದ್ದೆ ಮಾಪು. "ಚಲೋ ಮ್ಯಾಡಂ, ಸಾಫ್ ಕರ್ತಾ ಹೂಂ" ಅಂತ ಬಗ್ಗಿಯೇಬಿಟ್ಟ. ಮೂವರೂ ಒಟ್ಟಿಗೆ ಕಿರುಚಿದೆವು. ಪಾಪ, ಆತ ಬಂದ ಲಿಫ್ಟಿನಲ್ಲೇ ವಾಪಸ್ ಹೋದ.

ತುಳಿಯುವ ಹಾಗಿಲ್ಲ, ಒರೆಸುವ ಹಾಗಿಲ್ಲ. (ದಾಟಿ ಬರಬಹುದಿತ್ತಲ್ಲ ಅಂತೀರಾ? ನಿಮ್ಮ ಅಜ್ಜಿ ಮಲಗಿದ್ದರೆ ದಾಟುತ್ತೀರಾ?) ಕೆಳಗೆ ಸ್ಕೂಲ್ ವ್ಯಾನ್ ಬೇರೆ ಹಾರ್ನ್ ಹೊಡೆಯುತ್ತಿತ್ತು. ಇವರಿಬ್ಬರ ಕಾಫಿ ಸ್ನೇಹ ಇವತ್ತಿಗೆ ಖಲಾಸ್ ಅಂದುಕೊಂಡೆ.

ಅತ್ತೆ ನಮ್ಮ ಮನೆಯೊಳಗೆ ಹೋದರು. ಬಂದಾಗ ಕೈಯಲ್ಲಿ ಅಕ್ಷತೆ, ಒಂದು ಸ್ಟೀಲ್ ತಟ್ಟೆ. ಹಬ್ಬ ಮುಗಿದ ಮೇಲೆ ಗೌರಮ್ಮನನ್ನು ಕಳಿಸಿಕೊಡುವ ಹಾಗೆ ಅಕ್ಷತೆ ಹಾಕಿ ಕೈಮುಗಿದರು. "ತಪ್ಪಾಯ್ತು ತಾಯಿ, ಗೊತ್ತಾಗ್ಲಿಲ್ಲ. ಹೋಗ್ಬುಟ್ಟು ಬಾ" ಅಂದರು. ಆಮೇಲೆ ನೆಲಕ್ಕೆ ಕೂತು, ಪೊರಕೆ ಮುಟ್ಟದೆ, ಅಂಗೈಯಿಂದಲೇ ಹಿಟ್ಟು ಬಳಿದು ತಟ್ಟೆಗೆ ತುಂಬತೊಡಗಿದರು. ಮಂಡಿ ನೋವಿನ ಜೀವ ಅದು!

ಮಾಲಿಯಾ ಬ್ಯಾಗು ಪಕ್ಕಕ್ಕೆ ಎಸೆದು, ಹೊಸ್ತಿಲಿನ ಒಳಗೆ ಕೂತು ತಾನೂ ಬಳಿದಳು. ವ್ಯಾನ್ ಹೊರಟುಹೋಯಿತು. ಹೋದರೆ ಹೋಗಲಿ, ಟ್ಯಾಕ್ಸಿ ಇಲ್ಲವೇ?

"ನೀರಲ್ಲಿರೋರು, ನೀರಿಗೇ ಸೇರ್ಲಿ" ಅಂದರು ಅತ್ತೆ. ಸಂಜೆ ಇಬ್ಬರೂ ತಟ್ಟೆ ಹಿಡಿದುಕೊಂಡು ಬೀಚಿಗೆ ಹೋದರು, ಹಿಂದೆ ನಾನು. ಮಾಲಿಯಾ ಅಲೆಗೆ ಹಿಟ್ಟು ಬಿಡುತ್ತಾ ಅಜ್ಜಿಯ ಹೆಸರು ಹೇಳಿದಳು. ಉದ್ದನೆಯ ಹೆಸರು. ಅತ್ತೆ ಅದನ್ನು ಪೂರ್ತಿ ತಪ್ಪಾಗಿ, ಪೂರ್ತಿ ಭಕ್ತಿಯಿಂದ ಹೇಳಿದರು. ಮಾಲಿಯಾ ಅವರನ್ನು ತಬ್ಬಿಕೊಂಡು ನಕ್ಕಳು, ನಗುತ್ತಲೇ ಅತ್ತಳು. ನಾನೂ ಕಣ್ಣೊರೆಸಿಕೊಂಡೆ, ಸುಳ್ಳೇಕೆ ಹೇಳಲಿ?

ಮರುದಿನ ಅವಳ ಬಾಗಿಲಲ್ಲಿ ಮತ್ತೆ ರಂಗೋಲಿ. ಮಾಲಿಯಾಳೇ ಕೇಳಿಕೊಂಡಿದ್ದಳಂತೆ, ನಿಮ್ಮ ಮನೆಯದು ಹಾಕಿ ಎಂದು. (ಹೇಗೆ ಕೇಳಿದಳು? ಆ ಇಬ್ಬರಿಗೇ ಗೊತ್ತು.)

"ಇದು ನಮ್ಮವ್ವ ಹೇಳ್ಕೊಟ್ಟಿದ್ದು. ತುಳ್ಕಂಡೇ ಹೋಗು ಮಗಾ, ಮಕ್ಕಳು ತುಳಿದ್ರೆ ನಮ್ಮವ್ವ ಏನೂ ಅಂದ್ಕಳಾಕಿಲ್ಲ" ಅಂದರು ಅತ್ತೆ. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮಾಲಿಯಾ ಶೂ ಬಿಚ್ಚಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಮೆಲ್ಲಗೆ ನಡೆದು ಬಂದಳು. ಬಂದವಳೇ ನನ್ನನ್ನು ಕೇಳಿದಳು, "ಅವರ ಅಮ್ಮನ ಹೆಸರೇನು?"

ನಾನು ಬಾಯಿ ತೆರೆದೆ. ಹೆಸರು ಬರಲಿಲ್ಲ. ಆಫೀಸಿಗೆ ಹೊರಟಿದ್ದ ಗಂಡನ ಕಡೆ ನೋಡಿದೆ. "ನಾವು ಅಜ್ಜಿ ಅಂತಲೇ ಕರೀತಿದ್ವಿ" ಅಂದರು, ತಲೆ ಕೆರೆದುಕೊಳ್ಳುತ್ತಾ. ಕೊನೆಗೆ ಅತ್ತೆಯನ್ನೇ ಕೇಳಬೇಕಾಯಿತು. "ಕೆಂಪಮ್ಮ" ಅಂದರು ಅವರು. ಆ ಹೆಸರು ಹೇಳುವಾಗ ಅವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಇಷ್ಟು ವರ್ಷದಲ್ಲಿ ಅದನ್ನು ಅವರ ಬಾಯಲ್ಲಿ ಹೇಳಿಸಿದ್ದು ಹವಾಯಿಯ ಹುಡುಗಿ.

ಈಗ ಯಾರನ್ನೂ ಕೇಳದೆ ಹೇಳಿ ನೋಡೋಣ: ನಿಮ್ಮ ಅತ್ತೆಯ ಅಮ್ಮನ ಹೆಸರೇನು?